ಬಾರ್‌ಕೋಡ್ ಬರೆಯುವ, ಓದುವ ತಂತ್ರಾಂಶ: ಅಡಿಕೆ ಗೋದಾಮಿಗೊಂದು ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಅಡಿಕೆ ಮಂಡಿಗಳಲ್ಲಿ ಒಂದು ಚೀಲದ ಗುರುತು ಅನೇಕ ಕೈಗಳನ್ನು ದಾಟುತ್ತದೆ. ಬೆಳೆಗಾರರ ಹೆಸರು, ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬಗೆ, ತೂಕ, ಲಾಟ್ ಸಂಖ್ಯೆ ಇವೆಲ್ಲ ಚೀಟಿಯಿಂದ ಲೆಡ್ಜರಿಗೆ, ಲೆಡ್ಜರಿನಿಂದ ಕಂಪ್ಯೂಟರಿಗೆ ಕೈಬರಹದಲ್ಲೇ ಸಾಗುವಾಗ ಒಂದು ಅಂಕಿ ತಪ್ಪಿದರೂ ಲೆಕ್ಕ ಹೊಂದುವುದಿಲ್ಲ. ಈ ಕೆಲಸಕ್ಕೆ ಗೆರೆ ಬಾರ್‌ಕೋಡ್ ಅಗ್ಗವಾದ, ಗಟ್ಟಿಯಾದ ಪರಿಹಾರ. ಸಿದ್ಧ ತಂತ್ರಾಂಶಗಳು ಬೇಕಾದಷ್ಟಿವೆ. ಆದರೂ ಒಳಗಿನ ಲೆಕ್ಕವನ್ನು ಒಮ್ಮೆ ಸ್ವತಃ ಬರೆದು ನೋಡಿದವರಿಗೆ ಮಾತ್ರ ಲೇಬಲ್ ಓದದಿದ್ದಾಗ ದೋಷ ಕಾಗದದ್ದೋ, ಪ್ರಿಂಟರಿನದ್ದೋ, ಪ್ರೋಗ್ರಾಮಿನದ್ದೋ ಎಂದು ಗುರುತಿಸಲು ಸಾಧ್ಯವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಯಾವುದಾದರೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಟ್ಟಿ, ಕೋಷ್ಟಕ, ಆವರ್ತನೆ ಬಳಸಲು ಬಲ್ಲವರಿಗೆ ಮುಂದಿನ ಹೆಜ್ಜೆಗಳು ಸಾಕು.

ಒಂದು ತತ್ತ್ವವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಪ್ರತಿ ತೀರ್ಮಾನವೂ ಅದರಿಂದಲೇ ಹುಟ್ಟುತ್ತದೆ. ಲೇಬಲ್ ಓದಲಾಗದಿದ್ದರೆ ಗುಮಾಸ್ತರು ಸಂಖ್ಯೆಯನ್ನು ಕೈಯಲ್ಲಿ ಒತ್ತುತ್ತಾರೆ, ಅಷ್ಟೇ ನಷ್ಟ. ಲೇಬಲ್ ತಪ್ಪಾಗಿ ಓದಿಕೊಂಡರೆ ಒಬ್ಬರ ಅಡಿಕೆ ಇನ್ನೊಬ್ಬರ ಖಾತೆಗೆ ಹೋಗುತ್ತದೆ ಮತ್ತು ಅದು ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಅನುಮಾನ ಬಂದಲ್ಲೆಲ್ಲ ತಂತ್ರಾಂಶವು ಊಹಿಸದೆ ನಿರಾಕರಿಸಬೇಕು.

ಹೆಜ್ಜೆ 1: ಕೋಡ್‌ನ ಬಗೆಯನ್ನು ಆರಿಸುವುದು

ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ 1949ರಲ್ಲಿ ಅರ್ಜಿ ಹಾಕಿ 1952ರಲ್ಲಿ ಬಾರ್‌ಕೋಡ್‌ನ ಪೇಟೆಂಟ್ ಪಡೆದರು. ಅಂಗಡಿಯಲ್ಲಿ ಯುಪಿಸಿ ಎಂಬ ಬಗೆಯ ಬಾರ್‌ಕೋಡ್ ಇದ್ದ ಮೊದಲ ವಸ್ತು ಸ್ಕ್ಯಾನ್ ಆದದ್ದು 1974ರ ಜೂನ್ 26ರಂದು, ಓಹಾಯೋ ರಾಜ್ಯದ ಟ್ರಾಯ್ ಪಟ್ಟಣದಲ್ಲಿ. ಅಲ್ಲಿಂದೀಚೆಗೆ ಹಲವು ಬಗೆಗಳು ಬಂದಿದ್ದರೂ ನಮಗೆ ಎರಡು ಸಾಕು.

ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಗಳಂತೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಬರುವ ಸರಕಿಗೆ ಹದಿಮೂರು ಅಂಕಿಯ ಇಎಎನ್-13 ಬೇಕು. ಭಾರತದಲ್ಲಿ ಸರಕಿನ ಸಂಖ್ಯೆಗಳನ್ನು ಹಂಚುವ ಜಿಎಸ್1 ಸಂಸ್ಥೆಯಿಂದ ಪಡೆಯುವ ಸಂಖ್ಯೆಗಳು 890ರಿಂದ ಆರಂಭವಾಗುತ್ತವೆ. ಅವನ್ನು ನಾವೇ ಕಲ್ಪಿಸಿಕೊಂಡು ಮುದ್ರಿಸುವಂತಿಲ್ಲ, ಏಕೆಂದರೆ ಆ ಸಂಖ್ಯೆ ಬೇರೆಯವರ ಸರಕಿನದ್ದಾಗಿರಬಹುದು. ಅಂಗಡಿಯ ಒಳಗಷ್ಟೇ ಬಳಸುವುದಾದರೆ 200ರಿಂದ 299ರವರೆಗಿನ ಆರಂಭವನ್ನು ಅದಕ್ಕೆಂದೇ ಬಿಟ್ಟಿದ್ದಾರೆ. ಗೋದಾಮಿನ ಚೀಲಕ್ಕೆ ಅಕ್ಷರ ಮತ್ತು ಅಂಕಿ ಎರಡನ್ನೂ ಹಿಡಿಸುವ ಕೋಡ್ 128 ಸೂಕ್ತ. ಹಳೆಯ ಕೋಡ್ 39 ಬರೆಯಲು ಸುಲಭ, ಆದರೆ ಅಗಲ ಹೆಚ್ಚು. ಅಂಕಿಗಳನ್ನು ಜೋಡಿಜೋಡಿಯಾಗಿ ಹೆಣೆಯುವ ‘ಇಂಟರ್‌ಲೀವ್ಡ್ 2 ಆಫ್ 5’ ಬಗೆಯನ್ನು ನಾನು ಶಿಫಾರಸು ಮಾಡುವುದಿಲ್ಲ: ಸ್ಕ್ಯಾನ್ ರೇಖೆ ಓರೆಯಾಗಿ ಹೋಗಿ ಅರ್ಧ ಸಂಖ್ಯೆಯನ್ನಷ್ಟೇ ದಾಟಿದರೂ ಅದು ಚಿಕ್ಕದೊಂದು ಸರಿಯಾದ ಸಂಖ್ಯೆಯಂತೆ ಕಾಣಬಹುದು. ಅದನ್ನು ಬಳಸಲೇಬೇಕಾದರೆ ಅಂಕಿಗಳ ಎಣಿಕೆಯನ್ನು ನಿಗದಿಪಡಿಸಿ, ಕಡಿಮೆ ಬಂದರೆ ತಿರಸ್ಕರಿಸಬೇಕು.

ಹೆಜ್ಜೆ 2: ಸಂಖ್ಯೆಯನ್ನು ಶುದ್ಧಪಡಿಸುವುದು

ಗೆರೆ ಬಾರ್‌ಕೋಡ್‌ನಲ್ಲಿ ಕನ್ನಡ ಅಕ್ಷರಗಳಿಗೆ ಜಾಗವಿಲ್ಲ. ಬೆಳೆಗಾರರ ಹೆಸರು, ಊರು, ಅಡಿಕೆಯ ಬಗೆ ಎಲ್ಲವೂ ಡೇಟಾಬೇಸಿನಲ್ಲಿ ಕನ್ನಡದಲ್ಲೇ ಇರಲಿ. ಲೇಬಲ್ಲಿನಲ್ಲಿ ಅವುಗಳತ್ತ ಬೊಟ್ಟು ಮಾಡುವ ಸಂಖ್ಯೆ ಮಾತ್ರ ಇರಲಿ. ಇಲ್ಲೊಂದು ಎಚ್ಚರಿಕೆ ಅಗತ್ಯ. ಪೈಥಾನ್ ಮತ್ತು ಜಾವಾದಲ್ಲಿ ‘ಇದು ಅಂಕಿಯೇ’ ಎಂದು ಕೇಳುವ ಫಂಕ್ಷನ್‌ಗಳು ೧, ೨, ೩ ಎಂಬ ಕನ್ನಡ ಅಂಕಿಗಳಿಗೂ ‘ಹೌದು’ ಎನ್ನುತ್ತವೆ. ನಮೂನೆಯಲ್ಲಿ ಯಾರಾದರೂ ಲಾಟ್ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ತುಂಬಿದರೆ ಪರಿಶೀಲನೆ ದಾಟಿ, ಗೆರೆ ಹುಡುಕುವ ಕೋಷ್ಟಕದಲ್ಲಿ ಪ್ರೋಗ್ರಾಮ್ ನಿಲ್ಲುತ್ತದೆ. ಆದ್ದರಿಂದ ಕನ್ನಡ ಅಂಕಿಗಳನ್ನು ಮೊದಲು 0–9ಕ್ಕೆ ಪರಿವರ್ತಿಸಿ, ಅನಂತರ 0ಯಿಂದ 9ರ ವ್ಯಾಪ್ತಿಯನ್ನು ನೇರವಾಗಿ ಪರೀಕ್ಷಿಸಬೇಕು. ಸಂಖ್ಯೆಯನ್ನು ಪಠ್ಯವಾಗಿಯೇ ಇಟ್ಟುಕೊಳ್ಳಬೇಕು. ಎಕ್ಸೆಲ್ ಹಾಳೆಯಲ್ಲಿ ಅಂಕಿಯಾಗಿ ಇಟ್ಟರೆ ಆರಂಭದ ಸೊನ್ನೆಗಳು ಉದುರುತ್ತವೆ, ಹದಿಮೂರು ಅಂಕಿಯ ಸಂಖ್ಯೆ ಘಾತರೂಪಕ್ಕೆ ತಿರುಗುತ್ತದೆ.

ಇನ್ನು ಇಎಎನ್-13ರ ತಪಾಸಣಾ ಅಂಕಿ, ಅಂದರೆ ಉಳಿದ ಅಂಕಿಗಳಲ್ಲಿ ತಪ್ಪಿದೆಯೇ ಎಂದು ನೋಡಲು ಕೊನೆಗೆ ಸೇರಿಸುವ ಅಂಕಿ. ಮೊದಲ ಹನ್ನೆರಡು ಅಂಕಿಗಳನ್ನು ಎಡದಿಂದ ಕ್ರಮವಾಗಿ 1, 3, 1, 3 ಎಂಬ ತೂಕಗಳಿಂದ ಗುಣಿಸಿ ಕೂಡಬೇಕು. ಮೊತ್ತವನ್ನು ಮುಂದಿನ ಹತ್ತರ ಗುಣಕಕ್ಕೆ ಮುಟ್ಟಿಸಲು ಬೇಕಾದ ಅಂಕಿಯೇ ಹದಿಮೂರನೆಯದು. ಒಳಬಳಕೆಯ ಆರಂಭವಾದ 200, ಶಿವಮೊಗ್ಗದ ಪಿನ್‌ಕೋಡ್ 577201, ಸರಕಿನ ಕ್ರಮಸಂಖ್ಯೆ 001 ಇವನ್ನು ಜೋಡಿಸಿದರೆ 200577201001 ಆಗುತ್ತದೆ. ಬೆಸ ಸ್ಥಾನದ ಅಂಕಿಗಳ ಮೊತ್ತ 12. ಸಮ ಸ್ಥಾನದವು 13, ಮೂರರಿಂದ ಗುಣಿಸಿದರೆ 39. ಒಟ್ಟು 51. ಅರವತ್ತಕ್ಕೆ ಒಂಬತ್ತು ಕಡಿಮೆ. ಹಾಗಾಗಿ ಪೂರ್ಣ ಸಂಖ್ಯೆ 2005772010019.

ಈ ಅಂಕಿ ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ತಿಳಿದಿರಬೇಕು. ಯಾವುದೇ ಒಂದು ಅಂಕಿ ಬದಲಾದರೆ ಅದು ಖಂಡಿತ ಹಿಡಿಯುತ್ತದೆ. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಮೊತ್ತವು ಅವುಗಳ ವ್ಯತ್ಯಾಸದ ಎರಡರಷ್ಟು ಬದಲಾಗುತ್ತದೆ. ವ್ಯತ್ಯಾಸ ಸರಿಯಾಗಿ ಐದಾಗಿದ್ದರೆ ಬದಲಾವಣೆ ಹತ್ತಾಗಿ, ತಪ್ಪು ಮರೆಯಾಗುತ್ತದೆ. ನಮ್ಮ ಉದಾಹರಣೆಯಲ್ಲೇ ಆರು ಮತ್ತು ಏಳನೆಯ ಸ್ಥಾನದ 7 ಮತ್ತು 2ನ್ನು ಅದಲುಬದಲು ಮಾಡಿ 2005727010019 ಎಂದು ಒತ್ತಿದರೆ ಮೊತ್ತ 41, ತಪಾಸಣಾ ಅಂಕಿ ಮತ್ತೆ 9. ಕೈಯಲ್ಲಿ ಒತ್ತುವ ಕಡೆ ಡೇಟಾಬೇಸಿನಲ್ಲಿ ಆ ಸಂಖ್ಯೆ ಇದೆಯೇ ಎಂಬ ಎರಡನೆಯ ಪರಿಶೀಲನೆ ಇರಲೇಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಹೆಜ್ಜೆ 3: ಇಎಎನ್-13ನ್ನು ಗೆರೆಗಳಾಗಿಸುವುದು

ಅತಿ ಸಣ್ಣ ಗೆರೆಯ ಅಗಲವನ್ನು ಮಾಡ್ಯೂಲ್ ಎನ್ನುತ್ತಾರೆ. ಪ್ರತಿ ಅಂಕಿಗೂ ಏಳು ಮಾಡ್ಯೂಲ್; ಕಪ್ಪನ್ನು 1 ಎಂದೂ ಬಿಳಿಯನ್ನು 0 ಎಂದೂ ಬರೆಯೋಣ. ಎಲ್ ಎಂಬ ಮೂಲ ಕೋಷ್ಟಕವನ್ನು ಪ್ರೋಗ್ರಾಮಿನಲ್ಲಿ ಬರೆದುಕೊಂಡರೆ ಸಾಕು. ಸೊನ್ನೆಯಿಂದ ಒಂಬತ್ತರವರೆಗೆ ಕ್ರಮವಾಗಿ: 0001101, 0011001, 0010011, 0111101, 0100011, 0110001, 0101111, 0111011, 0110111, 0001011. ಇದರಲ್ಲಿ ಕಪ್ಪು-ಬಿಳಿಯನ್ನು ಅದಲುಬದಲು ಮಾಡಿದರೆ ಬಲಭಾಗಕ್ಕೆ ಬೇಕಾದ ಆರ್ ಕೋಷ್ಟಕ ಸಿಗುತ್ತದೆ. ಆರ್ ಅನ್ನು ಹಿಂದುಮುಂದಾಗಿ ಓದಿದರೆ ಜಿ ಕೋಷ್ಟಕ. ಮೂರನ್ನೂ ಕೈಯಿಂದ ಬರೆಯಬೇಡಿ. ಒಂದರಿಂದ ಉಳಿದೆರಡನ್ನು ಪ್ರೋಗ್ರಾಮೇ ಮಾಡಿಕೊಳ್ಳಲಿ.

ಮೊದಲ ಅಂಕಿಗೆ ಸ್ವಂತ ಗೆರೆಗಳಿಲ್ಲ. ಎಡಭಾಗದ ಆರು ಅಂಕಿಗಳಲ್ಲಿ ಯಾವುವು ಎಲ್, ಯಾವುವು ಜಿ ಎಂಬ ವಿನ್ಯಾಸದಲ್ಲೇ ಅದು ಅಡಗಿರುತ್ತದೆ. ಸೊನ್ನೆಗೆ ಆರೂ ಎಲ್. ಉಳಿದ ಒಂಬತ್ತಕ್ಕೂ ಮೊದಲನೆಯದು ಎಲ್ ಆಗಿದ್ದು, ಜಿ ಬರುವ ಸ್ಥಾನಗಳು ಹೀಗಿವೆ: ಒಂದಕ್ಕೆ 3, 5, 6, ಎರಡಕ್ಕೆ 3, 4, 6, ಮೂರಕ್ಕೆ 3, 4, 5, ನಾಲ್ಕಕ್ಕೆ 2, 5, 6, ಐದಕ್ಕೆ 2, 3, 6, ಆರಕ್ಕೆ 2, 3, 4, ಏಳಕ್ಕೆ 2, 4, 6, ಎಂಟಕ್ಕೆ 2, 4, 5, ಒಂಬತ್ತಕ್ಕೆ 2, 3, 5. ನಮ್ಮ ಸಂಖ್ಯೆಯ ಮೊದಲ ಅಂಕಿ 2. ಹಾಗಾಗಿ ಎಡಭಾಗದ 0, 0, 5, 7, 7, 2 ಎಂಬ ಅಂಕಿಗಳು 0001101, 0001101, 0111001, 0010001, 0111011, 0011011 ಆಗುತ್ತವೆ. ಪಕ್ಕಪಕ್ಕದ ಎರಡು ಏಳುಗಳು ಬೇರೆಬೇರೆ ರೂಪದಲ್ಲಿ ಬಂದಿರುವುದನ್ನು ಗಮನಿಸಿ: ಮೊದಲನೆಯದು ಜಿ, ಎರಡನೆಯದು ಎಲ್.

ಜೋಡಣೆಯ ಕ್ರಮ ಇಷ್ಟು: ಆರಂಭದ ಕಾವಲು ಗೆರೆ 101, ಎಡಭಾಗದ 42 ಮಾಡ್ಯೂಲ್, ನಡುವಿನ ಕಾವಲು 01010, ಬಲಭಾಗದ 42, ಕೊನೆಯ 101. ಒಟ್ಟು 95. ಎಡಕ್ಕೆ 11, ಬಲಕ್ಕೆ 7 ಮಾಡ್ಯೂಲ್‌ಗಳಷ್ಟು ಖಾಲಿ ಅಂಚು ಸೇರಿ 113. ಈ ಅಂಚು ಅಲಂಕಾರವಲ್ಲ. ಗೆರೆಗಳು ಎಲ್ಲಿ ಆರಂಭವಾದವು ಎಂದು ಓದುವ ಯಂತ್ರಕ್ಕೆ ತಿಳಿಯುವುದೇ ಅದರಿಂದ.

ಹೆಜ್ಜೆ 4: ಚೀಲಕ್ಕೆ ಕೋಡ್ 128

ಇಲ್ಲಿ ಪ್ರತಿ ಸಂಕೇತಕ್ಕೂ ಮೂರು ಗೆರೆ, ಮೂರು ಬಿಳಿ ಜಾಗ, ಒಟ್ಟು ಹನ್ನೊಂದು ಮಾಡ್ಯೂಲ್. ಕೊನೆಯ ನಿಲುಗಡೆ ಸಂಕೇತಕ್ಕೆ ಮಾತ್ರ ಹದಿಮೂರು. ಒಂದೇ ಸಂಕೇತದ ಅರ್ಥ ಗುಂಪಿನಿಂದ ಗುಂಪಿಗೆ ಬದಲಾಗುತ್ತದೆ. ಬಿ ಗುಂಪಿನಲ್ಲಿ ಅಕ್ಷರದ ಆಸ್ಕಿ ಸಂಖ್ಯೆಯಿಂದ (ಕಂಪ್ಯೂಟರಿನಲ್ಲಿ ಆ ಅಕ್ಷರಕ್ಕಿರುವ ಸಂಖ್ಯೆ) 32 ಕಳೆದರೆ ಸಂಕೇತದ ಬೆಲೆ ಸಿಗುತ್ತದೆ. ಸಿ ಗುಂಪಿನಲ್ಲಿ ಎರಡೆರಡು ಅಂಕಿಗಳು ಒಂದೇ ಸಂಕೇತದಲ್ಲಿ ಕೂರುತ್ತವೆ.

ಸಾಗರದ ವಾಹನ ನೋಂದಣಿಯ ಕೆಎ 15 ಎಂಬ ಗುರುತನ್ನೇ ಊರಿನ ಸಂಕೇತವಾಗಿ ತೆಗೆದುಕೊಂಡು, 0427 ಎಂಬ ಚೀಲದ ಸಂಖ್ಯೆಯನ್ನು ಸೇರಿಸೋಣ. ಬಿ ಗುಂಪಿನ ಆರಂಭ 104; ಇಂಗ್ಲಿಷಿನ ಕೆ ಅಕ್ಷರಕ್ಕೆ 43, ಎ ಅಕ್ಷರಕ್ಕೆ 33; ಸಿ ಗುಂಪಿಗೆ ಹೊರಳಲು 99; ಅನಂತರ 15, 4, 27. ಆರಂಭದ ಬೆಲೆಗೆ, ಪ್ರತಿ ಸಂಕೇತದ ಬೆಲೆಯನ್ನು ಅದರ ಸ್ಥಾನದಿಂದ ಗುಣಿಸಿ ಕೂಡಿದರೆ 104 + 43 + 66 + 297 + 60 + 20 + 162 = 752. ಅದನ್ನು 103ರಿಂದ ಭಾಗಿಸಿದಾಗ ಉಳಿಯುವ 31 ತಪಾಸಣಾ ಸಂಕೇತ. ಸ್ಥಾನ ಬದಲಾದಂತೆ ತೂಕವೂ ಬದಲಾಗುವುದರಿಂದ, ಅಕ್ಕಪಕ್ಕದ ಅದಲುಬದಲು ಇಲ್ಲಿ ತಪ್ಪಿಸಿಕೊಳ್ಳುವುದಿಲ್ಲ. ಎಂಟು ಸಂಕೇತಗಳ 88 ಮಾಡ್ಯೂಲ್, ನಿಲುಗಡೆಯ 13, ಒಟ್ಟು 101. ಸಿ ಗುಂಪಿಗೆ ಹೊರಳದಿದ್ದರೆ 123 ಆಗುತ್ತಿತ್ತು. ಎರಡು ಬದಿಗೂ ಹತ್ತು ಹತ್ತು ಮಾಡ್ಯೂಲ್ ಖಾಲಿ ಬಿಟ್ಟರೆ 121.

ಗೆರೆಯ ಅಗಲಗಳನ್ನು ಕೋಷ್ಟಕದಿಂದ ತೆಗೆಯಬೇಕು. ಅದರಲ್ಲಿ ಗೆರೆ, ಬಿಳಿ ಜಾಗ, ಗೆರೆ ಎಂಬ ಕ್ರಮದಲ್ಲಿ ಒಂದೊಂದರ ಅಗಲವೂ ಮಾಡ್ಯೂಲ್‌ಗಳಲ್ಲಿರುತ್ತದೆ. ಬಿ ಆರಂಭ 211214, ಎ ಅಕ್ಷರ 111323, ನಿಲುಗಡೆ 2331112. ಕೋಷ್ಟಕ ದೊಡ್ಡದಾದ್ದರಿಂದ ಟೈಪಿಸುವಾಗ ತಪ್ಪುವುದು ಸಹಜ. ನಿಲುಗಡೆಯನ್ನು ಬಿಟ್ಟು ಪ್ರತಿ ಸಾಲಿನ ಮೊತ್ತ 11 ಇದೆಯೇ, ಕಪ್ಪು ಗೆರೆಗಳ ಮೊತ್ತ ಸಮಸಂಖ್ಯೆಯೇ ಎಂದು ಪ್ರೋಗ್ರಾಮಿನ ಆರಂಭದಲ್ಲೇ ಪರೀಕ್ಷಿಸಿ. ಈ ಬಗೆಯಲ್ಲಿ ಕಪ್ಪಿನ ಮೊತ್ತ ಯಾವಾಗಲೂ ಸಮ, ಬಿಳಿಯ ಮೊತ್ತ ಯಾವಾಗಲೂ ಬೆಸ.

ಹೆಜ್ಜೆ 5: ಮುದ್ರಣ

ಸಾಮಾನ್ಯ ಲೇಬಲ್ ಪ್ರಿಂಟರ್ ಇಂಚಿಗೆ 203 ಚುಕ್ಕೆಗಳದ್ದು, ಅಂದರೆ ಮಿಲಿಮೀಟರಿಗೆ ಎಂಟು. ಇಎಎನ್-13ರ ವಾಡಿಕೆಯ ಮಾಡ್ಯೂಲ್ 0.33 ಮಿ.ಮೀ. ಇದು ಈ ಪ್ರಿಂಟರಿನಲ್ಲಿ 2.64 ಚುಕ್ಕೆ. ಅರ್ಧ ಚುಕ್ಕೆಯನ್ನು ಮುದ್ರಿಸಲಾಗದು. ಪ್ರೋಗ್ರಾಮ್ ಕೆಲವು ಗೆರೆಗಳನ್ನು ಎರಡು, ಕೆಲವನ್ನು ಮೂರು ಚುಕ್ಕೆಗೆ ಹೊಂದಿಸಿದರೆ ಕಣ್ಣಿಗೆ ಚೆನ್ನಾಗಿ ಕಂಡರೂ ಅಳತೆಯ ಅನುಪಾತವೇ ಕೆಡುತ್ತದೆ. ಮಾಡ್ಯೂಲ್‌ಗೆ ಮೂರು ಚುಕ್ಕೆ ಎಂದು ನಿಗದಿಪಡಿಸಿ: 0.375 ಮಿ.ಮೀ. ಆಗ ಇಎಎನ್-13ಕ್ಕೆ 42.4 ಮಿ.ಮೀ., ನಮ್ಮ ಚೀಲದ ಕೋಡ್‌ಗೆ 45.4 ಮಿ.ಮೀ.; 50 ಮಿ.ಮೀ. ಲೇಬಲ್ಲಿನಲ್ಲಿ ಎರಡೂ ಹಿಡಿಸುತ್ತವೆ. ಚಿತ್ರವನ್ನು ಮಾಡಿದ ಮೇಲೆ ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಕೂಡದು. ಜೆಪೆಗ್ ರೂಪದಲ್ಲಿ ಉಳಿಸಿದರೆ ಗೆರೆಯ ಅಂಚು ಮಸುಕಾಗುತ್ತದೆ.

ಮಲೆನಾಡಿನ ಮಳೆಗಾಲಕ್ಕೆ ಕಾಗದದ ಆಯ್ಕೆ ಮುಖ್ಯ. ಬಸ್ ಟಿಕೆಟಿನಂತೆ ಶಾಖಕ್ಕೆ ತಾನೇ ಕಪ್ಪಾಗುವ ಕಾಗದ ಅಗ್ಗ, ಆದರೆ ತಿಂಗಳುಗಟ್ಟಲೆ ಗೋದಾಮಿನಲ್ಲಿರುವ ಚೀಲಕ್ಕೆ ಅದು ಬೇಡ, ಅಕ್ಷರ ಮಾಸುತ್ತದೆ. ರಿಬ್ಬನ್ ಬಳಸಿ ಪ್ಲಾಸ್ಟಿಕ್ ಲೇಬಲ್ಲಿನ ಮೇಲೆ ಮುದ್ರಿಸಿ, ಗೋಣಿಚೀಲಕ್ಕೆ ಅಂಟಿಸದೆ ದಾರದಲ್ಲಿ ಕಟ್ಟುವುದು ಒಳ್ಳೆಯದು. ಗೋಣಿಯ ಉಬ್ಬುತಗ್ಗಿನಲ್ಲಿ ಗೆರೆಗಳು ಬಾಗುತ್ತವೆ. ಪ್ರಿಂಟರಿನ ಶಾಖವನ್ನು ಅತಿಯಾಗಿ ಏರಿಸಬೇಡಿ. ಗೆರೆ ಕಡುಕಪ್ಪಾಗುವುದರ ಜೊತೆಗೆ ದಪ್ಪವೂ ಆಗುತ್ತದೆ, ಮತ್ತು ದಪ್ಪವೇ ಮುಂದಿನ ಹೆಜ್ಜೆಯ ದೊಡ್ಡ ತೊಡಕು.

ಹೆಜ್ಜೆ 6: ಚಿತ್ರದಿಂದ ಸಂಖ್ಯೆಗೆ

ಚಿತ್ರದ ಒಂದು ಅಡ್ಡಸಾಲನ್ನು ತೆಗೆದುಕೊಂಡು, ಪ್ರತಿ ಪಿಕ್ಸೆಲ್ ಕಪ್ಪೋ ಬಿಳಿಯೋ ಎಂದು ತೀರ್ಮಾನಿಸಿ, ಒಂದೇ ಬಣ್ಣದ ಓಟಗಳ ಉದ್ದವನ್ನು ಅಳೆಯುವುದು ಓದುವಿಕೆಯ ತಿರುಳು. ಮಾಡ್ಯೂಲ್‌ಗೆ ಕನಿಷ್ಠ ಮೂರು ಪಿಕ್ಸೆಲ್ ಸಿಗುವಂತಿರಲಿ.

ಪಿಕ್ಸೆಲಿನ ಬೆಳಕನ್ನು 0ಯಿಂದ 255ರವರೆಗೆ ಅಳೆಯುವಾಗ ಕಪ್ಪು-ಬಿಳಿಯ ಗಡಿಯನ್ನು 128 ಎಂದು ಒಂದೇ ಕಡೆ ನಿಲ್ಲಿಸಬೇಡಿ. ಹೆಂಚಿನ ಮಾಡಿನ ಗೋದಾಮಿನಲ್ಲಿ ಗಾಜಿನ ಹೆಂಚಿನಿಂದ ಇಳಿದ ಬಿಸಿಲು ಲೇಬಲ್ಲಿನ ಅರ್ಧಕ್ಕೆ ಬಿದ್ದಿದ್ದರೆ ನೆರಳಿನ ಬಿಳಿಯು ಬಿಸಿಲಿನ ಕಪ್ಪಿಗಿಂತ ಗಾಢವಾಗಿರಬಹುದು. ಪ್ರತಿ ಪಿಕ್ಸೆಲನ್ನು ಅದರ ಸುತ್ತಲಿನ, ಹಲವು ಮಾಡ್ಯೂಲ್‌ಗಳಷ್ಟು ಅಗಲದ ಸರಾಸರಿಯೊಡನೆ ಹೋಲಿಸಬೇಕು. ಕೆಂಪಡಿಕೆಯ ಚೊಗರು ತಾಗಿ ಲೇಬಲ್ ಕೆಂಪಾಗಿದ್ದರೆ ಬಣ್ಣದ ಚಿತ್ರದ ಕೆಂಪು ಭಾಗವನ್ನಷ್ಟೇ ಬಳಸಿ ನೋಡಿ. ಕಲೆ ತಿಳಿಯಾಗಿ, ಕಪ್ಪು ಗೆರೆ ಕಪ್ಪಾಗಿಯೇ ಉಳಿಯುತ್ತದೆ. ಕೆಂಪು ಬೆಳಕಿನ ಸ್ಕ್ಯಾನರಿಗೂ ಕೆಂಪು ಬಿಳಿಯಂತೆಯೇ ಕಾಣುವುದರಿಂದ, ಗೆರೆಗಳನ್ನು ಮಾತ್ರ ಎಂದೂ ಕೆಂಪು ಶಾಯಿಯಲ್ಲಿ ಮುದ್ರಿಸಬಾರದು.

ಓಟಗಳ ಪಟ್ಟಿಯಲ್ಲಿ ಅಗಲವಾದ ಬಿಳಿಯ ನಂತರ ಸರಿಸುಮಾರು ಸಮಾನವಾದ ಮೂರು ಓಟಗಳನ್ನು ಹುಡುಕಿ. ಅದು ಇಎಎನ್‌ನ ಆರಂಭ. ಬಳಿಕ ನಾಲ್ಕು ನಾಲ್ಕು ಓಟಗಳನ್ನು ತೆಗೆದುಕೊಂಡು, ಅವುಗಳ ಮೊತ್ತವನ್ನು ಏಳರಿಂದ ಭಾಗಿಸಿದರೆ ಆ ಅಂಕಿಯ ಮಾಡ್ಯೂಲ್ ಅಳತೆ ಬರುತ್ತದೆ. ಓಟಗಳು 9, 26, 10, 18 ಪಿಕ್ಸೆಲ್ ಎನ್ನೋಣ. ಮೊತ್ತ 63, ಮಾಡ್ಯೂಲ್ 9. ಅನುಪಾತ 1, 2.9, 1.1, 2. ಎಲ್ ಕೋಷ್ಟಕದ ಏಳಕ್ಕೆ 1, 3, 1, 2 ಇರುವುದರಿಂದ ಇದು ಏಳು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಎಲ್ ಕೋಷ್ಟಕದ ಒಂದರ ಅಳತೆ 2, 2, 2, 1. ಪಿಕ್ಸೆಲಿನಲ್ಲಿ 18, 18, 18, 9. ಶಾಖ ಹೆಚ್ಚಾಗಿ ಪ್ರತಿ ಕಪ್ಪು ಗೆರೆ ಐದು ಪಿಕ್ಸೆಲ್ ದಪ್ಪವಾಗಿದ್ದರೆ ಅದು 13, 23, 13, 14 ಆಗುತ್ತದೆ. ಅನುಪಾತ 1.44, 2.56, 1.44, 1.56. ಒಂದಕ್ಕೂ ಇದಕ್ಕೂ ಇರುವ ಒಟ್ಟು ಅಂತರ 2.22, ಏಳಕ್ಕೂ ಇದಕ್ಕೂ 1.78. ಅಂದರೆ ಅತಿ ಹತ್ತಿರದ್ದನ್ನು ಆರಿಸುವ ಪ್ರೋಗ್ರಾಮ್ ಒಂದನ್ನು ಏಳು ಎಂದು ಓದುತ್ತದೆ. ಗೆರೆಯ ಆರಂಭದಿಂದ ಮುಂದಿನ ಗೆರೆಯ ಆರಂಭಕ್ಕೆ ಅಳೆದರೆ ದಪ್ಪದ ಪರಿಣಾಮ ಕಳೆದುಹೋಗುವುದು ನಿಜ. ಆದರೆ ಆ ಅಳತೆಯಲ್ಲಿ ಒಂದು ಮತ್ತು ಏಳು ಎರಡಕ್ಕೂ 4, 4 ಬರುತ್ತದೆ, ಎರಡು ಮತ್ತು ಎಂಟಕ್ಕೆ 3, 3. ಈ ಎರಡು ಜೋಡಿಗಳನ್ನು ಬಿಡಿಸಲು ಗೆರೆಯ ದಪ್ಪವನ್ನೇ ನೋಡಬೇಕು. ತಪಾಸಣಾ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ: 1ರ ತೂಕದ ಎರಡು ಅಂಕಿಗಳೂ 3ರ ತೂಕದ ಒಂದು ಅಂಕಿಯೂ ಒಂದರಿಂದ ಏಳಕ್ಕೆ ಹಾರಿದರೆ ಮೊತ್ತ 6, 6, 18 ಸೇರಿ ಮೂವತ್ತು ಹೆಚ್ಚಿ, ತಪ್ಪು ಸಂಖ್ಯೆ ಪಾಸಾಗುತ್ತದೆ.

ಪರಿಹಾರ ಕಾವಲು ಗೆರೆಗಳಲ್ಲೇ ಇದೆ. ಅಲ್ಲಿ ಕಪ್ಪು, ಬಿಳಿ, ಕಪ್ಪು ಮೂರೂ ಒಂದೊಂದು ಮಾಡ್ಯೂಲ್ ಎಂದು ಮೊದಲೇ ಗೊತ್ತು. ಅಳೆದಾಗ 14, 4, 14 ಬಂದರೆ ಗೆರೆಗಳು ಐದು ಪಿಕ್ಸೆಲ್ ಹಿಗ್ಗಿವೆ ಎಂದಾಯಿತು. ಪ್ರತಿ ಕಪ್ಪು ಓಟದಿಂದ ಐದು ಕಳೆದು, ಪ್ರತಿ ಬಿಳಿ ಓಟಕ್ಕೆ ಐದು ಸೇರಿಸಿದ ಬಳಿಕವೇ ಕೋಷ್ಟಕದೊಡನೆ ಹೋಲಿಸಿ. ಆಗಲೂ ಮೊದಲ ಮತ್ತು ಎರಡನೆಯ ಆಯ್ಕೆಗಳ ಅಂತರ ತೀರಾ ಕಡಿಮೆಯಿದ್ದರೆ ಆ ಸಾಲನ್ನು ಬಿಟ್ಟುಬಿಡಿ.

ಎಡಭಾಗದ ಎಲ್-ಜಿ ವಿನ್ಯಾಸದಿಂದ ಮೊದಲ ಅಂಕಿಯನ್ನು ಹುಡುಕುವಾಗ ಆರೂ ಜಿ ಬಂದರೆ ಚೀಟಿ ತಲೆಕೆಳಗಾಗಿದೆ ಎಂದರ್ಥ. ಓಟಗಳ ಪಟ್ಟಿಯನ್ನು ತಿರುಗಿಸಿ ಮತ್ತೆ ಓದಿ. ಕೋಡ್ 128ರಲ್ಲಿ ಆರಾರು ಓಟ, ಹನ್ನೊಂದು ಮಾಡ್ಯೂಲ್ ಎಂಬುದನ್ನು ಬಿಟ್ಟರೆ ಕ್ರಮ ಇದೇ. ಕಪ್ಪಿನ ಮೊತ್ತದ ಸಮತ್ವ, 103ರ ಶೇಷ, ನಿಲುಗಡೆಯ ನಂತರದ ಖಾಲಿ ಅಂಚು ಮೂರನ್ನೂ ಪರೀಕ್ಷಿಸಿ. ಕೊನೆಯದಾಗಿ, ನಡುವಿನ ಸಾಲಿನಿಂದ ಆರಂಭಿಸಿ ಮೇಲೆ ಕೆಳಗೆ ಹಲವು ಸಾಲುಗಳನ್ನು ಓದಿ, ಕನಿಷ್ಠ ಮೂರು ಸಾಲುಗಳು ಒಂದೇ ಸಂಖ್ಯೆಯನ್ನು ಕೊಟ್ಟರೆ ಮಾತ್ರ ಒಪ್ಪಿಕೊಳ್ಳಿ.

ಹೆಜ್ಜೆ 7: ಪರೀಕ್ಷೆ ಮತ್ತು ಅಳವಡಿಕೆ

ನೀವು ಬರೆದ ಕೋಡನ್ನು ನೀವೇ ಬರೆದ ಪ್ರೋಗ್ರಾಮಿನಿಂದ ಓದಿಸಿ ಸಮಾಧಾನಪಡಬೇಡಿ. ಎರಡೂ ಒಂದೇ ಕೋಷ್ಟಕವನ್ನು ಬಳಸುತ್ತಿದ್ದರೆ ಕೋಷ್ಟಕದ ತಪ್ಪು ಬರೆಯುವಾಗ ಸೇರಿ ಓದುವಾಗ ಅಳಿದು, ಪರೀಕ್ಷೆ ಪಾಸಾಗುತ್ತದೆ. ನಿಮ್ಮ ಲೇಬಲನ್ನು ಝಡ್‌ಎಕ್ಸಿಂಗ್ ಅಥವಾ ಝಡ್‌ಬಾರ್ ಎಂಬ ಸಿದ್ಧ ಓದುವ ತಂತ್ರಾಂಶದಿಂದ ಓದಿಸಿ. ಝಿಂಟ್ ಎಂಬ ಸಿದ್ಧ ಬರೆಯುವ ತಂತ್ರಾಂಶ ತಯಾರಿಸಿದ ಲೇಬಲನ್ನು ನಿಮ್ಮ ಪ್ರೋಗ್ರಾಮಿನಿಂದ ಓದಿಸಿ. ಅನಂತರ ಚಿತ್ರವನ್ನು ಬೇಕೆಂದೇ ಮಸುಕುಗೊಳಿಸಿ, ಓರೆ ಮಾಡಿ, ಗೆರೆ ದಪ್ಪಗೊಳಿಸಿ, ಒಂದು ಬದಿಯನ್ನು ಕತ್ತರಿಸಿ ಮತ್ತೆ ಓದಿಸಿ. ಫಲಿತಾಂಶವನ್ನು ಸರಿ, ಓದಲಿಲ್ಲ, ತಪ್ಪು ಎಂಬ ಮೂರು ಕಾಲಮ್ಮುಗಳಲ್ಲಿ ಬರೆಯಿರಿ. ಎರಡನೆಯ ಕಾಲಮ್ ತುಂಬಿದರೆ ಚಿಂತೆಯಿಲ್ಲ. ಮೂರನೆಯದರಲ್ಲಿ ಒಂದು ಬಂದರೂ ಹೆಜ್ಜೆ 6ಕ್ಕೆ ಹಿಂದಿರುಗಿ ಮಿತಿಗಳನ್ನು ಬಿಗಿಗೊಳಿಸಿ.

ಕೈ ಸ್ಕ್ಯಾನರ್ ಜೋಡಿಸುವ ಮಂಡಿಗಳಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಹೆಚ್ಚಿನ ಸ್ಕ್ಯಾನರುಗಳು ಕಂಪ್ಯೂಟರಿಗೆ ಕೀಬೋರ್ಡಿನಂತೆಯೇ ಕೀಲಿಗಳ ಸಂಕೇತ ಕಳಿಸುತ್ತವೆ. ಗುಮಾಸ್ತರು ಬೆಳೆಗಾರರ ಹೆಸರನ್ನು ಕನ್ನಡದಲ್ಲಿ ತುಂಬಿ ಕೀಬೋರ್ಡನ್ನು ಕನ್ನಡದಲ್ಲೇ ಬಿಟ್ಟಿದ್ದರೆ, ಚೀಲದ ಸಂಖ್ಯೆಯ ಆರಂಭದ ಕೆ ಮತ್ತು ಎ ಅಕ್ಷರಗಳು ಕನ್ನಡ ಅಕ್ಷರಗಳಾಗಿ ತೆರೆಯ ಮೇಲೆ ಮೂಡುತ್ತವೆ. ಸ್ಕ್ಯಾನರನ್ನು, ಕೀಲಿಗಳ ಬದಲು ಅಕ್ಷರಗಳನ್ನೇ ನೇರವಾಗಿ ಪ್ರೋಗ್ರಾಮಿಗೆ ಕಳಿಸುವ ಸೀರಿಯಲ್ ಪೋರ್ಟ್ ರೀತಿಗೆ ಬದಲಿಸುವುದು ಖಚಿತ ಪರಿಹಾರ. ಆ ಸೌಲಭ್ಯವಿಲ್ಲದಿದ್ದರೆ ಸಂಖ್ಯೆಯ ಖಾನೆಗೆ ಬಂದ ಪಠ್ಯದ ಉದ್ದ, ಆರಂಭದ ಅಕ್ಷರಗಳು ಮತ್ತು ಅಂಕಿಗಳ ವ್ಯಾಪ್ತಿ ಹೊಂದದಿದ್ದಾಗ ಉಳಿಸುವ ಗುಂಡಿಯೇ ಕೆಲಸ ಮಾಡದಂತೆ ಮಾಡಿ, ‘ಕೀಬೋರ್ಡ್ ಇಂಗ್ಲಿಷಿಗೆ ಬದಲಿಸಿ, ಮತ್ತೆ ಸ್ಕ್ಯಾನ್ ಮಾಡಿ’ ಎಂಬ ಸೂಚನೆಯನ್ನು ದೊಡ್ಡ ಅಕ್ಷರದಲ್ಲಿ ತೋರಿಸಿ.